60 ಅಕ್ಷರದ ನಾರ್ವೇಜಿಯನ್ ಪದವನ್ನು ಎಲ್ಲಿ ಮುರಿಯಬೇಕು?

ಚಳಿಗೆ_ಬಂದವಳು

ಎಲ್ಲರಿಗೂ ನಮಸ್ಕಾರ. ನಾನು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಸಿಲಿಕಾನ್ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ನನ್ನ ಎರಡನೇ ಚಳಿಗಾಲ. ಲ್ಯಾಬಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ಅಂಗಡಿ, ಬಸ್ಸು, ಪಕ್ಕದ ಮನೆ ಅಜ್ಜಿ ಎಲ್ಲ ಇರುತ್ತಾರಲ್ಲ, ಅದಕ್ಕೇ ಸಂಜೆ ಭಾಷೆಯ ಕ್ಲಾಸಿಗೆ ಸೇರಿದ್ದೇನೆ. ಮುಂದಿನ ಗುರುವಾರ ಪ್ರತಿಯೊಬ್ಬರೂ ತಮ್ಮ ಕೆಲಸದ ಬಗ್ಗೆ ಐದು ನಿಮಿಷ ನಾರ್ವೇಜಿಯನ್‌ನಲ್ಲಿ ಮಾತಾಡಬೇಕು.

ಇದನ್ನು ಲ್ಯಾಬಿನಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಪಕ್ಕದ ಮೇಜಿನವನು ಒಂದು ಚೀಟಿಯಲ್ಲಿ ಒಂದೇ ಒಂದು ಪದ ಬರೆದುಕೊಟ್ಟ. "ಇದನ್ನು ಎಲ್ಲೂ ತಡವರಿಸದೆ ಹೇಳು, ಒಂದು ವಾರ ಕಾಫಿ ನನ್ನ ಲೆಕ್ಕ" ಅಂದ. ಅವರ ಲಿಪಿಯಲ್ಲಿ ಎಣಿಸಿದರೆ 60 ಅಕ್ಷರ. ಮಧ್ಯೆ ಒಂದು ಜಾಗ ಇಲ್ಲ, ಒಂದು ಗೆರೆ ಇಲ್ಲ. ನಾನು ಇಂಗ್ಲಿಷ್ ಕಣ್ಣಲ್ಲಿ ಓದಿದ್ದು ಹೀಗೆ:

ಮೈನಾರಿಟೆಟ್ಸ್‌ಲ್ಯಾಡ್ನಿಂಗ್ಸ್‌ಬ್ಯಾರ್… ಎರ್… ಡಿಫ್ಯೂಸ್‌ಜಾನ್ಸ್‌ಕೋಎಫಿಶಿಯಂಟ್‌ಮಾಲಿಂಗ್ಸ್‌ಅಪ್ಪಾರಾಟುರ್

ಅರ್ಧದಲ್ಲೇ ಅವನಿಗೆ ನಗು ತಡೆಯಲಾಗಲಿಲ್ಲ. ನಾನು 'ಬ್ಯಾರ್' ಹತ್ತಿರ ಉಸಿರು ತೆಗೆದುಕೊಂಡೆ, ನೋಡಿ. ಬ್ಯಾರ್ ಅಂದರೆ ಇಲ್ಲಿ ಕಾಡಲ್ಲಿ ಸಿಗುವ ಪುಟ್ಟ ಹಣ್ಣು, ಬೆರ್ರಿ. 'ಎರ್' ಅಂದರೆ 'ಆಗಿದೆ'. ಅಲ್ಪಸಂಖ್ಯಾತರ ಚಾರ್ಜಿನ ಹಣ್ಣು ಏನೋ ಆಗಿಬಿಟ್ಟಿದೆ ಅಂತ ಹೇಳಿದ ಹಾಗಾಯಿತು.

ಅರ್ಥ ನನಗೆ ಗೊತ್ತು, ನನ್ನ ವಿಷಯವೇ ಅದು: ಅಲ್ಪಸಂಖ್ಯಾತ ವಿದ್ಯುದಾವೇಶ ವಾಹಕಗಳ ವಿಸರಣ ಗುಣಾಂಕವನ್ನು ಅಳೆಯುವ ಉಪಕರಣ. ನಮ್ಮಲ್ಲಿ ಏಳು ಪದ, ಅಲ್ಲಿ ಒಂದು. ಬಾಯಲ್ಲಿ ಇದನ್ನು ಎಲ್ಲಿ ಮುರಿಯಬೇಕು? ಸ್ಲೈಡಿನಲ್ಲಿ ಒಂದು ಸಾಲಿಗೆ ಹಿಡಿಸುವುದಿಲ್ಲ, ಅಲ್ಲಿ ಗೆರೆ ಎಲ್ಲಿ ಹಾಕಬೇಕು? ಗೊತ್ತಿರುವವರು ದಯವಿಟ್ಟು ಹೇಳಿ. ಕಾಫಿ ಇಲ್ಲಿ ಅಗ್ಗ ಅಲ್ಲ.

ಗಡಿಬಿಡಿ_ಗಣಪ

ಇದು ಪದ ಅಲ್ಲ, ರೈಲು. ಗಾರ್ಡ್ ಡಬ್ಬಿ ಯಾವುದು ಅಂತ ಹೇಳಿ, ಹತ್ತಿಕೊಳ್ಳುತ್ತೇನೆ.

ಊಸ್ಲು_ವಾಸಿ

ಗಣಪ ತಮಾಷೆಗೆ ಹೇಳಿದರೂ ಸರಿಯಾಗೇ ಹೇಳಿದ್ದಾರೆ. ಈ ರೈಲನ್ನು ಗಾರ್ಡ್ ಡಬ್ಬಿಯಿಂದಲೇ ಹತ್ತಬೇಕು.

ನಾವೆಲ್ಲ ಮಾಡುವ ತಪ್ಪು ಒಂದೇ. ಎಡಗಡೆಯಿಂದ ಶುರು ಮಾಡಿ, ಉಸಿರು ಮುಗಿದ ಕಡೆ ಮುರಿಯುತ್ತೇವೆ. ನಾರ್ವೇಜಿಯನ್ ಸಮಾಸದಲ್ಲಿ ಯಜಮಾನ ಕೊನೆಯಲ್ಲಿ ಕೂತಿರುತ್ತಾನೆ, ನಮ್ಮಲ್ಲಿ ಇದ್ದ ಹಾಗೇ. ಲಿಂಗ, ಬಹುವಚನ ಎಲ್ಲ ಅವನದ್ದೇ. ಹಾಗಾಗಿ ಹಿಂದಿನಿಂದ ಕಟ್ಟುತ್ತಾ ಬನ್ನಿ. ಮೊದಲು 'ಅಪ್ಪರತೂರ್', ಉಪಕರಣ. ಆಮೇಲೆ 'ಮೋಲಿಙ್ಸ್‌ಅಪ್ಪರತೂರ್', ಅಳತೆಯ ಉಪಕರಣ. ಆಮೇಲೆ ಕೊಎಫ್ಫಿಸಿಎನ್ತ್, ಅಂದರೆ ಗುಣಾಂಕ, ಸೇರಿಸಿ. ಹೀಗೆ ಏಳು ಸಲ ಹೇಳುವಷ್ಟರಲ್ಲಿ ಬಾಲ ನಾಲಿಗೆಗೆ ಅಭ್ಯಾಸ ಆಗಿರುತ್ತದೆ. ಸುಸ್ತಾಗುವುದು ಕೊನೆಯಲ್ಲೇ ಅಲ್ವಾ, ಅಲ್ಲಿ ಗೊತ್ತಿರುವ ದಾರಿ ಇದ್ದರೆ ಒಳ್ಳೆಯದು.

ಹೊಲಿಗೆಗಳು ಇಲ್ಲಿವೆ:

ಮಿ-ನೊ-ರಿ-ತೇತ್ಸ್ | ಲಾದ್-ನಿಙ್ಸ್ | ಬ್ಯಾ-ರೆರ್ | ದಿಫ್-ಫು-ಶೂನ್ಸ್ | ಕೊ-ಎಫ್-ಫಿ-ಸಿ-ಎನ್ತ್ | ಮೋ-ಲಿಙ್ಸ್ | ಅಪ್-ಪ-ರ-ತೂರ್

ಏಳು ತುಂಡು, 22 ಉಚ್ಚಾರದ ತುಣುಕು. ನಾಲ್ಕು ಕಡೆ ತುಂಡಿನ ಕೊನೆಗೆ ಒಂದು 'ಸ್' ಅಂಟಿಕೊಂಡಿದೆ ನೋಡಿ. ಅದು ಪದದ್ದಲ್ಲ, ಬೆಸುಗೆ. 'ತೇತ್', 'ಇಙ್', 'ಶೂನ್' ಅಂತ ಕೊನೆಯಾಗುವ ಪದಗಳು ಸಮಾಸದಲ್ಲಿ ಮುಂದಿನ ಪದಕ್ಕೆ ಸೇರುವಾಗ ಸಾಮಾನ್ಯವಾಗಿ ಈ ಸ್ ಹಾಕಿಕೊಳ್ಳುತ್ತವೆ. ನಿಮಗೆ ಇದು ಪುಕ್ಕಟೆ ಗುರುತು. ಉದ್ದದ ಪದ ಕಂಡ ಕೂಡಲೇ ಈ ಮೂರು ಬಾಲಗಳನ್ನು ಹುಡುಕಿ, ಸ್ ಆದಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ. ಅರ್ಧ ಕೆಲಸ ಮುಗಿಯಿತು. ಬ್ಯಾರೆರ್ (ವಾಹಕ), ಕೊಎಫ್ಫಿಸಿಎನ್ತ್ ಎರಡಕ್ಕೂ ಸ್ ಬಂದಿಲ್ಲ. ನೀವು ಎಡವಿದ್ದೂ ಸರಿಯಾಗಿ ಅಲ್ಲೇ!

ಸ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವೈನ್ ಗ್ಲಾಸಿಗೆ 'ವೀನ್‌ಗ್ಲಾಸ್', ಸ್ ಇಲ್ಲ. ಕೆಂಪು ವೈನಿನ ಗ್ಲಾಸಿಗೆ 'ರೋವೀನ್ಸ್‌ಗ್ಲಾಸ್', ಸ್ ಬಂತು. (ಆ 'ರೋ'ದಲ್ಲಿ ತುಟಿ ದುಂಡಗೆ, ನಾಲಿಗೆ ಮಾತ್ರ 'ಎ' ಜಾಗದಲ್ಲಿ.) ಕೆಂಪು-ವೈನ್ ಮೊದಲು ಕೂಡಿತು, ಆಮೇಲೆ ಗ್ಲಾಸ್ ಸೇರಿತು ಅಂತ ಸ್ ಹೇಳುತ್ತಿದೆ.

ಙ_ಅಭಿಮಾನಿ

ಒಂದನೇ ಕ್ಲಾಸಿನಲ್ಲಿ ಕಲಿತ ಙ ಗೆ ಕೊನೆಗೂ ಕೆಲಸ ಸಿಕ್ಕಿತು. ಎಷ್ಟು ವರ್ಷ ಸುಮ್ನೆ ಕೂತಿತ್ತು ಪಾಪ.

ಊಸ್ಲು_ವಾಸಿ

ಹೌದು, ನಿಜವಾಗಿ ಅದೇ ಉಚ್ಚಾರ. 'ಲಾದ್ನಿಂಗ್ಸ್' ಅಂತ ಗ್ ಹೇಳಬಾರದು. ಮೂಗಲ್ಲೇ ನಿಲ್ಲಬೇಕು. ಅಂದಹಾಗೆ ನನ್ನ ಹೆಸರನ್ನು ಯಾರೋ ಇನ್‌ಬಾಕ್ಸಿನಲ್ಲಿ ಕೇಳಿದರು. ನಾವು ಓಸ್ಲೋ ಅನ್ನುವ ಊರನ್ನು ಇಲ್ಲಿಯವರು ಊಸ್ಲು ಅಥವಾ ಊಶ್ಲು ಅನ್ನುತ್ತಾರೆ. ಅವರ 'ಓ' ಅಕ್ಷರ ಬಹಳ ಸಲ ನಮ್ಮ 'ಊ'. ಪುಸ್ತಕಕ್ಕೆ ಬೂಕ್, ಸೂರ್ಯನಿಗೆ ಸೂಲ್. ಅದಕ್ಕೇ ದಿಫ್ಫುಶೂನ್, ಶೋನ್ ಅಲ್ಲ. ಪ್ರೊಫೆಸರ್ ಇಲ್ಲಿ 'ಪ್ರುಫೆಸ್ಸುರ್'. ನಮ್ಮ 'ಓ' ಬೇಕೆಂದರೆ ಅವರು 'ಆ' ಮೇಲೆ ಒಂದು ಪುಟ್ಟ ಸೊನ್ನೆ ಇಡುತ್ತಾರೆ. ಮೋಲಿಙ್‌ನಲ್ಲಿ ಇರುವುದು ಅದೇ.

ನಿವೃತ್ತ_ಮೇಷ್ಟ್ರು

ನನಗೆ ನಾರ್ವೇಜಿಯನ್ ಒಂದು ಅಕ್ಷರವೂ ಬಾರದು. ಆದರೆ 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟಿದ್ದೇನೆ, ಸುಮ್ಮನೆ ಇರಲು ಆಗುತ್ತಿಲ್ಲ. ಇದು ಆಗಮ ಸಂಧಿ ಅಲ್ಲವೇನ್ರೀ? ಮನೆ + ಅಲ್ಲಿ ಮನೆಯಲ್ಲಿ ಆಗುವಾಗ ಎಲ್ಲಿಂದಲೋ ಯಕಾರ ಬರುತ್ತದೆ. ಗುರು + ಅನ್ನು ಗುರುವನ್ನು ಆಗುವಾಗ ವಕಾರ. ಇವರಲ್ಲಿ ಸಕಾರಾಗಮ. ಹುಡುಗಿ, ನೀನು ಕ್ಲಾಸಿನಲ್ಲಿ ಹೀಗೇ ಹೇಳಮ್ಮ.

ಪದ_ಜಗಳಗಂಟ

ಮೇಷ್ಟ್ರೇ, ಕ್ಷಮಿಸಿ, ಒಪ್ಪುವುದಿಲ್ಲ. ಆಗಮ ಸಂಧಿಯಲ್ಲಿ ಯ, ವ ಬರುವುದು ಎರಡು ಸ್ವರ ಡಿಕ್ಕಿ ಹೊಡೆಯದಿರಲಿ ಅಂತ. ಇಲ್ಲಿ 'ತೇತ್' ಮತ್ತು 'ಲಾದ್' ನಡುವೆ ಡಿಕ್ಕಿ ಎಲ್ಲಿದೆ? ಸ್ ಬಂದಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಈ ಸ್ ಮೂಲದಲ್ಲಿ ಷಷ್ಠೀ ವಿಭಕ್ತಿ ಪ್ರತ್ಯಯ, ನಮ್ಮ 'ಅ' ಇದ್ದ ಹಾಗೆ. ರಾಮನ, ಮರದ ಅನ್ನುತ್ತೇವಲ್ಲ, ಅದು. ಆಮೇಲೆ ಅರ್ಥ ಸವೆದು ಬರೀ ಅಂಟು ಉಳಿಯಿತು, ಷಷ್ಠಿಯ ಅಗತ್ಯವೇ ಇಲ್ಲದ ಕಡೆಗೂ ಹಬ್ಬಿತು. ಸಮಾಸವಾದ ಮೇಲೂ ವಿಭಕ್ತಿ ಬಿಟ್ಟುಹೋಗದಿದ್ದರೆ ಸಂಸ್ಕೃತದವರು ಅಲುಕ್ ಸಮಾಸ ಅನ್ನುತ್ತಾರೆ. ಯುಧಿಷ್ಠಿರ ಹಾಗೇ ಆದದ್ದು. ಯುಧಿ ಅಂದರೆ ಯುದ್ಧದಲ್ಲಿ, ಸಪ್ತಮಿ ಹಾಗೇ ಉಳಿದಿದೆ. ಈ ನಾರ್ವೆ ಪದ ಯುಧಿಷ್ಠಿರನ ದೂರದ ಸಂಬಂಧಿ, ನಿಮ್ಮ 'ಮನೆಯಲ್ಲಿ'ಯದ್ದಲ್ಲ.

ನಿವೃತ್ತ_ಮೇಷ್ಟ್ರು

ಆಯ್ತಪ್ಪ, ಅಂಕ ನಿನಗೇ. ಆದರೆ ಯುಧಿಷ್ಠಿರನಲ್ಲಿ ಸ ಹೋಗಿ ಷ ಆಗಿದೆಯಲ್ಲ, ಅದನ್ನು ಯಾಕೆ ಬಿಟ್ಟೆ? ಅಕ್ಕಪಕ್ಕದ ಅಕ್ಷರ ಕೂಡಿದರೆ ಹೊಸದು ಹುಟ್ಟುತ್ತದೆ. ಅಂಥದ್ದು ಇವರಲ್ಲಿ ಇದೆಯೋ?

ಹುಬ್ಬಳ್ಳಿ_ಮಂದಿ

ಐತ್ರೀ ಮೇಷ್ಟ್ರ! ಅದನ್ನೇ ಹೇಳಬೇಕು ಅಂತ ಕಾಯಕತ್ತಿದ್ದೆ. (ಇಲ್ಲಿಂದ ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ.)

ನಾನು ಓಸ್ಲೋ ಹತ್ತಿರ ನಾಲ್ಕು ವರ್ಷ ಇದ್ದೆ. ಅಲ್ಲಿ ಯೂರೋಪಿನ ಬೇರೆ ಕಡೆಯಿಂದ ಬಂದವರು ಒದ್ದಾಡುವ ಒಂದು ವಿಷಯ ನಮಗೆ ಹುಟ್ಟಿನಿಂದಲೇ ಬಂದಿರುತ್ತದೆ. ಪೂರ್ವ ನಾರ್ವೆಯ ಮಾತಿನಲ್ಲಿ ರ್ ಆದಮೇಲೆ ತ, ದ, ನ, ಲ, ಸ ಬಂದರೆ ರ್ ಮಾಯ. ಆ ಐದೂ ಟ, ಡ, ಣ, ಳ, ಷ ಆಗಿಬಿಡುತ್ತವೆ. ಮಗುವಿಗೆ ಬರೆಯುವುದು 'ಬಾರ್ನ್', ಹೇಳುವುದು 'ಬಾಣ್'. ನಕಾಶೆಗೆ 'ಕಾರ್ತ್' ಅಂತ ಬರೆದು 'ಕಟ್ಟ್' ಅನ್ನುತ್ತಾರೆ. ಅವರ ಭಾಷೆಯ ಹೆಸರೇ 'ನೊಷ್ಕ್'. ವಿಜ್ಞಾನದ ಪದ ಬೇಕೋ? ಕಣಕ್ಕೆ 'ಪಟಿಕ್ಕೆಲ್', ವಿಶ್ವವಿದ್ಯಾಲಯಕ್ಕೆ 'ಉನಿವೆಷಿತೇತ್'.

ಇದು ಪದದ ಒಳಗೆ ಮಾತ್ರ ಅಲ್ಲ, ಹೊಲಿಗೆ ದಾಟಿಯೂ ನಡೆಯುತ್ತದೆ. 'ಹಾರ್ ದು', ಅಂದರೆ 'ನಿನ್ನ ಹತ್ತಿರ ಇದೆಯಾ', ಅದು 'ಹಾಡು' ಅಂತ ಕೇಳುತ್ತದೆ. ಮೊದಲ ವಾರ ಅಂಗಡಿಯಲ್ಲಿ ಎಲ್ಲರೂ ಹಾಡು ಹಾಡು ಅನ್ನುತ್ತಿದ್ದಾರೆ ಅನಿಸಿತ್ತು.

ಈಗ ತಂಗಿಯ ಪದಕ್ಕೆ ಬರೋಣ. ಬ್ಯಾರೆರ್ + ದಿಫ್ಫುಶೂನ್ಸ್. ರ್ ಮುಂದೆ ದ. ಓಡಿಸಿ ಹೇಳಿದರೆ 'ಬ್ಯಾರೆಡಿಫುಶೂನ್ಸ್'. ಇಡೀ ಪದದಲ್ಲಿ ಇದೊಂದೇ ಡ. ಹೊಲಿಗೆಯಲ್ಲಿ ನಿಂತರೆ ರ್ ವಾಪಸ್ ಬರುತ್ತದೆ, ಡ ಹೋಗಿ ದ ಆಗುತ್ತದೆ. ಅಂದರೆ ನೀನು ಅಲ್ಲಿ ನಿಂತೆಯೋ ಇಲ್ಲವೋ ಅನ್ನುವುದಕ್ಕೆ ಆ ಡಕಾರವೇ ಸಾಕ್ಷಿ. ಕಾಫಿ ಪಂದ್ಯದಲ್ಲಿ ಅವನು ಕಿವಿಗೊಡುವುದೂ ಅಲ್ಲೇ.

ಇದರ ಇನ್ನೊಂದು ಮುಖ ನಮ್ಮ ದೌರ್ಬಲ್ಯ. ಇಂಗ್ಲಿಷಿನ ಟೇಬಲ್, ಡಾಕ್ಟರ್ ಎಲ್ಲಕ್ಕೂ ನಾವು ಟ, ಡ ಹಾಕುತ್ತೇವೆ. ಆ ಅಭ್ಯಾಸ ಇಲ್ಲಿಗೆ ತಂದರೆ ಕೆಟ್ಟೆವು. ಅವರ ಬರೀ ತ, ದ ನಮ್ಮ ತ, ದ ಗಳಿಗೇ ಹತ್ತಿರ. 'ಮಿನೊರಿಟೆಟ್' ಅಂದರೆ ಅವರ ಕಿವಿಗೆ ಎಲ್ಲ ಕಡೆ ರ್ ಅಡಗಿಕೊಂಡ ಹಾಗೆ ಕೇಳಬಹುದು. ಡಾಕ್ಟರನ್ನು ಮರೆತು 'ದೊಕ್ತುರ್' ಅನ್ನು.

'ಬ್ಯಾರೆರ್' ಹೇಳುವುದು ನಮ್ಮ ಕಡೆಯವರಿಗೆ ಜಾಸ್ತಿ ಸುಲಭ. ನೀವೆಲ್ಲ 'ಬೇರೆ' ಅನ್ನುತ್ತೀರಿ, ನಾವು 'ಬ್ಯಾರೆ' ಅನ್ನುತ್ತೇವೆ. ಅದಕ್ಕೊಂದು ರ್ ಹಚ್ಚಿದರಾಯಿತು.

ನಿವೃತ್ತ_ಮೇಷ್ಟ್ರು

ಆದೇಶ ಸಂಧಿ! ಬೆಟ್ಟ + ತಾವರೆ ಬೆಟ್ಟದಾವರೆ. ಈ ಸಲ ಜಗಳಗಂಟ ಏನು ಹೇಳುತ್ತಾನೋ ನೋಡೋಣ.

ಪದ_ಜಗಳಗಂಟ

ಈ ಸಲ ಏನೂ ಹೇಳುವುದಿಲ್ಲ ಮೇಷ್ಟ್ರೇ.

ದಾದಿ_ಸುಮಾ

ನಾನು ಸ್ತವಾಂಗರ್‌ನಲ್ಲಿ ನರ್ಸ್, 11 ವರ್ಷ ಆಯಿತು. ಹುಬ್ಬಳ್ಳಿ ಅಣ್ಣ ಹೇಳಿದ್ದು ಪೂರ್ವದ ಕಡೆಗೆ ಸರಿ. ನಮ್ಮ ಪಶ್ಚಿಮದ ಕರಾವಳಿಯಲ್ಲಿ, ಸ್ತವಾಂಗರ್‌ನಿಂದ ಬರ್ಗನ್ ತನಕ, ರ್ ಗಂಟಲಿನಿಂದ ಬರುತ್ತದೆ. ಬಾಯಿ ಮುಕ್ಕಳಿಸುವ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ. ನಾಲಿಗೆ ತುದಿ ರ್ ಗೆ ಏಳುವುದೇ ಇಲ್ಲವಾದ್ದರಿಂದ ಟ, ಡ, ಣ ಹುಟ್ಟುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ 'ಬ್ಯಾರೆರ್ ದಿಫ್ಫುಶೂನ್ಸ್' ಅಂತಲೇ ಅನ್ನುತ್ತಾರೆ. ಎರಡೂ ಸರಿ. ಇಡೀ ದೇಶಕ್ಕೆ ಒಂದೇ ಅಧಿಕೃತ ಉಚ್ಚಾರ ಅಂತ ಇಲ್ಲಿ ಇಲ್ಲ. ಟಿವಿಯಲ್ಲಿ, ಸಂಸತ್ತಿನಲ್ಲಿ ಕೂಡ ಬಹಳ ಜನ ಅವರವರ ಊರಿನ ಮಾತಲ್ಲೇ ಮಾತಾಡುತ್ತಾರೆ. ಮೊದಮೊದಲು ನನಗೆ ಇದು ತಲೆನೋವು, ಈಗ ಇಷ್ಟ.

ಆಸ್ಪತ್ರೆಯಲ್ಲಿ ಇಂಥ ಪದಗಳು ದಿನಾ ಸಿಗುತ್ತವೆ. ಮೆನಿಂಜೈಟಿಸ್‌ಗೆ ಜನ ಹೇಳುವುದು ಹೀಗೆ: ಯೇರ್ನೆ-ಹಿನ್ನೆ-ಬೆತೆನ್ನೆಲ್ಸೆ. ಯೇರ್ನೆ ಮಿದುಳು, ಹಿನ್ನೆ ಪೊರೆ, ಬೆತೆನ್ನೆಲ್ಸೆ ಉರಿಯೂತ. ಪೂರ್ವದವರ ಬಾಯಲ್ಲಿ ಮೊದಲನೆಯದು 'ಯೇಣೆ' ಆಗುತ್ತದೆ. ಶುರುವಿನಲ್ಲಿ ಒಂದು ಹ್ ಬರೆದಿರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಡಾಕ್ಟರುಗಳು ತಮ್ಮತಮ್ಮಲ್ಲಿ 'ಮೆನಿಂಗಿತ್ತ್' ಅನ್ನುತ್ತಾರೆ, ತಾಯಿಗೆ ಹೇಳುವಾಗ ಉದ್ದದ್ದು ಹೇಳುತ್ತಾರೆ. ಉದ್ದದ್ದೇ ಸುಲಭ, ಯಾಕೆಂದರೆ ಮೂರು ತುಂಡೂ ಮನೆಮಾತು. ಮಗುವಿಗೂ ಮಿದುಳು ಗೊತ್ತು, ಪೊರೆ ಗೊತ್ತು.

ಬೆತೆನ್ನೆಲ್ಸೆ ಒಳಗೆ 'ತೆನ್ನೆ' ಇದೆ. ತೆನ್ನೆ ಅಂದರೆ ಹೊತ್ತಿಸು. ನಾವು ಉರಿಯೂತ ಅಂದಾಗಲೂ ಒಳಗೆ ಉರಿಯೇ ಇದೆಯಲ್ಲ. ಇದು ಹೊಳೆದ ದಿನ ನೈಟ್ ಡ್ಯೂಟಿಯಲ್ಲಿ ಒಬ್ಬಳೇ ನಕ್ಕೆ.

ಲೇಟೆಕ್_ಪೀಡಿತ

ಸಾಲು ಮುರಿಯುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಮಾಸ್ಟರ್ಸ್ ಪ್ರಬಂಧದ ಅಂಚಿನಿಂದ ಪದಗಳು ಹೊರಗೆ ಇಣುಕುತ್ತಿದ್ದವು. ಅಲ್ಲಿ ಕಲಿತದ್ದು.

ಬಾಯಿಯ ಲೆಕ್ಕ ಬೇರೆ, ಕಾಗದದ ಲೆಕ್ಕ ಬೇರೆ. ಕಾಗದದಲ್ಲಿ ಮೊದಲ ಆಯ್ಕೆ ಯಾವತ್ತೂ ಹೊಲಿಗೆ. 'ಮೋಲಿಙ್ಸ್-ಅಪ್ಪರತೂರ್' ಅಂತ ಮುರಿಯಬೇಕು. ಬಾಯಲ್ಲಿ ಆ ಸ್ ಮುಂದಿನ ಅ ಗೆ ಜಾರಿ 'ಮೋಲಿಙ್-ಸಪ್ಪ' ಅಂತ ಕೇಳಿದರೂ ಬರೆಯುವಾಗ ಸ್ ಹಿಂದಿನ ಸಾಲಿನಲ್ಲೇ ಇರಬೇಕು. ಹೊಲಿಗೆ ದೂರ ಇದ್ದರೆ ತುಂಡಿನ ಒಳಗೆ ಮುರಿಯಬಹುದು. ಅಲ್ಲಿ ರೂಢಿಯ ನಿಯಮ, ಸ್ವರದ ಹಿಂದಿನ ಒಂದೇ ಒಂದು ವ್ಯಂಜನ ಕೆಳಗಿನ ಸಾಲಿಗೆ ಹೋಗುತ್ತದೆ. ದಿಫ್-ಫು, ಅಪ್-ಪ. ಆದರೆ 'ಶ' ಧ್ವನಿಗೆ ಅವರು ಎರಡು ಅಕ್ಷರ ಬರೆಯುತ್ತಾರೆ, ಎಸ್ ಮತ್ತು ಜೆ. ಅವೆರಡನ್ನು ಬೇರೆ ಮಾಡುವ ಹಾಗಿಲ್ಲ. ದಿಫ್ಫು-ಶೂನ್ ಅಂತ ಮುರಿಯಬೇಕು. ನೀವು 'ಸ್‌ಜಾನ್' ಅಂತ ಓದಿದ್ದು ಆ ಜೋಡಿಯನ್ನೇ.

ಇದರಲ್ಲೊಂದು ಮಜಾ ಇದೆ. ಗಣಿತದಲ್ಲಿ ವಕ್ರರೇಖೆಯ ತುತ್ತತುದಿಗೆ 'ತೊಪ್ಪುಂಕ್ತ್' ಅನ್ನುತ್ತಾರೆ. ತೊಪ್ಪ್ + ಪುಂಕ್ತ್. ಲೆಕ್ಕದ ಪ್ರಕಾರ ಮೂರು ಪ್ ಬರಬೇಕು, ಆದರೆ ಒಂದೇ ವ್ಯಂಜನವನ್ನು ಮೂರು ಸಲ ಬರೆಯುವುದಿಲ್ಲ ಅಂತ ನಿಯಮ, ಎರಡೇ ಬರೆಯುತ್ತಾರೆ. ಆದರೆ ಆ ಪದ ಸಾಲಿನ ಕೊನೆಗೆ ಬಂದು ಮುರಿದರೆ ಮೂರನೇ ಪ್ ಎದ್ದು ಬರುತ್ತದೆ: ತೊಪ್ಪ್-ಪುಂಕ್ತ್. ಪದ ಮುರಿದಾಗ ಉದ್ದವಾಗುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಬಸ್ ಡ್ರೈವರ್ ಅನ್ನುವ ಪದಕ್ಕೂ ಟ್ರಾಫಿಕ್ ಜಾಮ್ ಅನ್ನುವ ಪದಕ್ಕೂ ಇದೇ ಕಥೆ. ಪ್ರಬಂಧ ಜೋಡಿಸುವ ತಂತ್ರಾಂಶ ಲೇಟೆಕ್‌ನಲ್ಲಿ ಬೇಬೆಲ್ ಅನ್ನುವ ಭಾಷಾ ಪ್ಯಾಕೇಜಿಗೆ ನಾರ್ಸ್ಕ್ (ನಾರ್ವೇಜಿಯನ್) ಆಯ್ಕೆ ಹಾಕಿಕೊಂಡರೆ ಇದಕ್ಕೇ ಅಂತ ಒಂದು ಶಾರ್ಟ್‌ಕಟ್ ಇದೆ.

ಸ್ಲೈಡಿಗೆ ಇಷ್ಟು ಮಾಡಿ. ಆರು ಹೊಲಿಗೆಗಳಲ್ಲೂ ಸಾಫ್ಟ್ ಹೈಫನ್ ಇಟ್ಟುಬಿಡಿ. ಬೇಕಾದಾಗ ಕಾಣುತ್ತದೆ, ಬೇಡದಾಗ ಇಲ್ಲ. ಜಾಗ ಮಾತ್ರ ಕೊಡಬೇಡಿ! ಜಾಗ ಕೊಟ್ಟು ಬರೆಯುವುದಕ್ಕೆ ಅವರಲ್ಲಿ 'ಸ್ಯಾರ್‌ಸ್ಕ್ರೀವಿಙ್' ಅಂತ ಹೆಸರೇ ಇದೆ, ಅದನ್ನು ಕಂಡರೆ ಉರಿದುಬೀಳುವವರೂ ಇದ್ದಾರೆ. 'ಲಮ್ಮೆಲೋರ್' ಒಟ್ಟಿಗೆ ಬರೆದರೆ ಕುರಿಮರಿಯ ತೊಡೆ ಮಾಂಸ. 'ಲಮ್ಮೆ ಲೋರ್' ಬಿಡಿಸಿ ಬರೆದರೆ ಲಕ್ವ ಹೊಡೆದ ತೊಡೆಗಳು. 'ರೊಯ್ಕ್‌ಫ್ರಿತ್' ಒಟ್ಟಿಗಿದ್ದರೆ ಧೂಮಪಾನ ಇಲ್ಲ ಅಂತ. ಬಿಡಿಸಿದರೆ ಆರಾಮಾಗಿ ಸೇದಿ ಅಂತ.

ನಿವೃತ್ತ_ಮೇಷ್ಟ್ರು

ತೊಪ್ಪುಂಕ್ತ್ ಲೋಪ ಸಂಧಿ. ಮೂರೂ ಸಿಕ್ಕಿತು! (ನಮ್ಮಲ್ಲಿ ಲೋಪವಾಗುವುದು ಸ್ವರ ಅಂತ ಗೊತ್ತು, ಜಗಳಗಂಟ ಎಚ್ಚರವಾಗುವ ಮೊದಲೇ ಒಪ್ಪಿಕೊಳ್ಳುತ್ತೇನೆ.)

ಚಳಿಗೆ_ಬಂದವಳು

ಅಬ್ಬಾ, ಒಂದೇ ದಿನದಲ್ಲಿ ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಹಿಂದಿನಿಂದ ಕಟ್ಟುವ ಉಪಾಯ ಕೆಲಸ ಮಾಡಿತು. ಬಸ್ಸಿನಲ್ಲಿ ಗೊಣಗಿಕೊಂಡು ಹೋದೆ, ಎದುರು ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಆದರೂ ಒಂದು ತೊಡಕು. ನಾನು ಹೇಳಿದರೆ ಮಗ್ಗಿ ಒಪ್ಪಿಸಿದ ಹಾಗೆ ಇದೆ. 22 ತುಣುಕೂ ಒಂದೇ ತೂಕ. ಅವನು ಹೇಳಿದರೆ ಅಲೆ ಬಂದ ಹಾಗೆ ಏರಿಳಿಯುತ್ತದೆ. ಮತ್ತೆ ನಾನು 'ಅಪ್ಪರತೂರ್' ಅಂದಾಗಲೆಲ್ಲ ನಗುತ್ತಾನೆ. ಯಾಕೆ ಅಂತ ಕೇಳಿದರೆ ವಿವರಿಸಲು ಬರುವುದಿಲ್ಲವಂತೆ.

ಲಘುಗುರು

ನಿಮ್ಮ ಅಪ್ಪರತೂರಿನಲ್ಲಿ 'ಅಪ್ಪ' ಇರುವುದರಿಂದ ನಗು.

ಇದನ್ನು ನಾನು ನನ್ನದೇ ರೀತಿಯಲ್ಲಿ ಹೇಳುತ್ತೇನೆ. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ದೀರ್ಘಕ್ಕೆ ಗುರು, ಒತ್ತಕ್ಷರದ ಹಿಂದಿನದಕ್ಕೆ ಗುರು, ಉಳಿದದ್ದು ಹೆಚ್ಚಾಗಿ ಲಘು. ಕನ್ನಡದಲ್ಲಿ ಗುರು ಎಲ್ಲಿ ಬೇಕಾದರೂ ಎಷ್ಟು ಬೇಕಾದರೂ ಬರಬಹುದು. ನಾರ್ವೇಜಿಯನ್‌ನಲ್ಲಿ ಒಂದು ಕಟ್ಟುಪಾಡಿದೆ. ಮಾತಿನ ಭಾರ ಬೀಳುವ ಜಾಗ ಯಾವಾಗಲೂ ಗುರು ಆಗಿರಲೇಬೇಕು. ಅದಕ್ಕೆ ಎರಡು ದಾರಿ. ಸ್ವರ ಎಳೆಯಬೇಕು, ಇಲ್ಲವೇ ಸ್ವರ ಮೊಟಕು ಮಾಡಿ ಮುಂದಿನ ವ್ಯಂಜನ ಒತ್ತಬೇಕು. 'ತಾಕ್' ಅಂದರೆ ಚಾವಣಿ, 'ತಕ್ಕ್' ಅಂದರೆ ಥ್ಯಾಂಕ್ಸ್. 'ಹಾತ್' ದ್ವೇಷ, 'ಹತ್ತ್' ಟೋಪಿ. ಎರಡೂ ಒಟ್ಟಿಗೆ ಎಳೆಯುವುದು ಅಲ್ಲಿನ ಜಾಯಮಾನ ಅಲ್ಲ. ನಮ್ಮ ಬಳೆ-ಬಳ್ಳ, ಕಳೆ-ಕಾಳೆ ಅಂತ ಕಿವಿ ಪಳಗಿರುವುದರಿಂದ ಈ ವ್ಯತ್ಯಾಸ ನಮಗೆ ಬೇಗ ಗೊತ್ತಾಗುತ್ತದೆ.

ಈಗ ಉಲ್ಟಾ ನೋಡಿ. ಭಾರ ಬೀಳದ ಕಡೆ ಎರಡು ಪ್ ಬರೆದಿದ್ದರೂ ಬಾಯಲ್ಲಿ ಒಂದೇ. ಅಪ್ಪರತೂರ್ ಅಂತ ಬರೆಯುತ್ತಾರೆ, ಹೇಳುವುದು 'ಅಪರತೂರ್'. ಭಾರ ಪೂರ್ತಿ ಕೊನೆಯ 'ತೂರ್' ಮೇಲೆ. ಕೊಎಫ್ಫಿಸಿಎನ್ತ್ ಬಾಯಲ್ಲಿ 'ಕೊಎಫಿಸಿಎನ್ತ್', ಭಾರ 'ಎನ್ತ್' ಮೇಲೆ. ದಿಫುಶೂನ್, 'ಶೂನ್' ಮೇಲೆ. ಆ ಜೋಡಿ ಅಕ್ಷರಗಳು ಲ್ಯಾಟಿನ್ ಕಾಲದ ಸಾಮಾನು. ಎತ್ತಿಕೊಂಡು ಬಂದಿದ್ದಾರೆ, ಬಿಚ್ಚಿ ನೋಡುವುದಿಲ್ಲ. ಕನ್ನಡದವರು ಬರೆದ ಒತ್ತನ್ನೆಲ್ಲ ನಿಷ್ಠೆಯಿಂದ ಒತ್ತುತ್ತೇವೆ, ಅಲ್ಲೇ ಸಿಕ್ಕಿಬೀಳುತ್ತೇವೆ.

ಏಳು ತುಂಡಿಗೆ ಏಳು ಭಾರ: ತೇತ್, ಲಾದ್, ಬ್ಯಾ, ಶೂನ್, ಎನ್ತ್, ಮೋ, ತೂರ್. ಏಳೂ ಗುರು. ಎಲ್ಲಕ್ಕಿಂತ ಜೋರು ಮೊದಲನೆಯದು, 'ತೇತ್'. ಸಮಾಸದಲ್ಲಿ ಮುಖ್ಯ ಭಾರ ಸಾಮಾನ್ಯವಾಗಿ ಮೊದಲ ತುಂಡಿನದ್ದು, ಉಳಿದವು ಅದರ ಕೆಳಗೆ. ಅವನ ಅಲೆ ಅಂದಿರಲ್ಲ, ಅದು ಇದೇ. 'ನಿಙ್ಸ್' ಕೂಡ ನಮ್ಮ ಲೆಕ್ಕದಲ್ಲಿ ಗುರುವೇ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಭಾರ ಬಿದ್ದದ್ದೆಲ್ಲ ಗುರು, ಗುರುವಾದದ್ದಕ್ಕೆಲ್ಲ ಭಾರ ಇಲ್ಲ. ಮೇಜಿನ ಮೇಲೆ ಏಳು ಸಲ ಬೆರಳು ಕುಟ್ಟಿ, ನಡುವಿನದ್ದನ್ನು ಬೇಗ ಬೇಗ ತುರುಕಿ.

ಅಲ್ಲಿ ಸ್ವರದ ಏರಿಳಿತದ ರಾಗ ಬೇರೆ ಎರಡಿದೆ. ರೈತರು ಅನ್ನುವುದಕ್ಕೂ ಹುರುಳಿಕಾಯಿ ಜಾತಿಯ ಬೀನ್ಸ್ ಅನ್ನುವುದಕ್ಕೂ ಉಚ್ಚಾರ ಒಂದೇ, ರಾಗ ಮಾತ್ರ ಬೇರೆ. ಗುರುವಾರದ ಒಳಗೆ ಅದನ್ನು ಮುಟ್ಟಲು ಹೋಗಬೇಡಿ.

ಗಡಿಬಿಡಿ_ಗಣಪ

ರೈತ ಬೆಳೆದ ಬೀನ್ಸ್ ಅಂತ ಹಾಡಬೇಕಾ ಹಾಗಾದರೆ?

ಸರ್ಕ್ಯೂಟ್_ಶೆಟ್ಟಿ

ತಡವಾಗಿ ಬಂದೆ. ಒಂದು ಕೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಈ ಪದವನ್ನು ಯಾರಾದರೂ ಬಳಸುತ್ತಾರಾ? ಅತಿ ಉದ್ದದ ಪದ ಅಂತ ತೋರಿಸಲು ಮಾಡಿಟ್ಟದ್ದು ಅಂತ ನನ್ನ ಅನುಮಾನ.

ಭೌತಶಾಸ್ತ್ರ ಮಾತ್ರ ನಿಜವೇ. ಎನ್ ಮಾದರಿಯ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳು ಬಹುಸಂಖ್ಯಾತರು, ರಂಧ್ರಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ಅಲ್ಪಸಂಖ್ಯಾತರು. ಪಿ ಮಾದರಿಯಲ್ಲಿ ತಿರುವುಮುರುವು. ಅಲ್ಪಸಂಖ್ಯಾತರು ಎಷ್ಟು ಬೇಗ ಹರಡಿಕೊಳ್ಳುತ್ತಾರೆ ಅನ್ನುವುದೇ ವಿಸರಣ ಗುಣಾಂಕ. ಕೋಣೆಯ ಉಷ್ಣತೆಯಲ್ಲಿ ಶುದ್ಧ ಸಿಲಿಕಾನ್‌ಗೆ ಹತ್ತಿರವಿದ್ದರೆ ಎಲೆಕ್ಟ್ರಾನಿಗೆ ಸೆಕೆಂಡಿಗೆ ಸುಮಾರು 36 ಚದರ ಸೆಂಟಿಮೀಟರ್, ರಂಧ್ರಕ್ಕೆ ಸುಮಾರು 12. ಅಳೆಯುವ ಹಳೆಯ ಕ್ರಮ ಹೇನ್ಸ್ ಮತ್ತು ಶಾಕ್ಲಿ ಅನ್ನುವ ಇಬ್ಬರು ವಿಜ್ಞಾನಿಗಳದ್ದು. ಅರೆವಾಹಕದ ಒಂದು ಕಡ್ಡಿ, ಅದರಲ್ಲಿ ಒಂದು ಕಡೆ ವಾಹಕಗಳ ಒಂದು ಗುಂಪನ್ನು ತಟ್ಟನೆ ಬಿಡುವುದು, ಇನ್ನೊಂದು ಕಡೆ ಆಸಿಲೋಸ್ಕೋಪಿನಲ್ಲಿ ಕಾಯುವುದು. ಗುಂಪು ಬಂದು ತಲುಪಿದ ಹೊತ್ತಿನಿಂದ ಓಟದ ವೇಗ, ದಾರಿಯಲ್ಲಿ ಎಷ್ಟು ಚದುರಿತು ಅನ್ನುವುದರಿಂದ ಈ ಗುಣಾಂಕ. ಹಾಗಾಗಿ ಅಂಥ ಉಪಕರಣ ಇದೆ. ಲ್ಯಾಬಿನಲ್ಲಿ ಯಾರೂ "ಆ ಮಿನೊರಿತೇತ್ಸ್… ಇತ್ಲಾಗೆ ಕೊಡು" ಅನ್ನುವುದಿಲ್ಲ ಅಷ್ಟೇ.

ಊಸ್ಲು_ವಾಸಿ

ಶೆಟ್ರೇ, ನಿಮ್ಮ ಮಾತು ನಿಜ, ದಿನಬಳಕೆಯ ಪದ ಅಲ್ಲ. ಆದರೆ ಅದು ಸುಳ್ಳು ಪದವೂ ಅಲ್ಲ. ನಾನು ಇದೇ ನಿಯಮದಲ್ಲಿ ಇವತ್ತು ಬೆಳಿಗ್ಗೆ ಹೊಸ ಪದ ಕಟ್ಟಿದರೆ ಇಲ್ಲಿಯವರಿಗೆ ಅರ್ಥವಾಗುತ್ತದೆ, ನಿಘಂಟಿನಲ್ಲಿ ಇರಬೇಕಾಗಿಲ್ಲ. ಈ ಒಂದನ್ನು ಬಾಯಿಪಾಠ ಮಾಡುವುದಕ್ಕಿಂತ ಇದನ್ನು ಬಿಚ್ಚಿದ ರೀತಿ ನೆನಪಿರಲಿ. ನಾಳೆ 'ದೆಒಕ್ಸಿರಿಬೊನುಕ್ಲೆಈನ್‌ಸೀರೆ' ಎದುರಾಗುತ್ತದೆ. ಡಿಎನ್‌ಎ, ಬೇರೇನಲ್ಲ. ದೆ-ಒಕ್ಸಿ ಅಂತ ಬಿಡಿಸಿ, ದೆಒ ಅಂತ ಶುರು ಮಾಡಿದರೆ ಡಿಯೋಡರೆಂಟ್ ಆಗುತ್ತದೆ. ಕೊನೆಯಲ್ಲಿ ಇರುವುದು ಉಡುವ ಸೀರೆ ಅಲ್ಲ, ಆಮ್ಲ. ಆ 'ಸೀ' ಹೇಳುವಾಗ ಸೀಟಿ ಹೊಡೆಯುವ ಹಾಗೆ ತುಟಿ ಮುಂದಿರಬೇಕು.

ಚಳಿಗೆ_ಬಂದವಳು

ಗುರುವಾರ ಮುಗಿಯಿತು. ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಅವಮಾನ. ನನ್ನ ಕೀಬೋರ್ಡಿನಲ್ಲಿ ಆ ಸೊನ್ನೆ ಹೊತ್ತ ಅಕ್ಷರ ಇಲ್ಲ. ಸ್ಲೈಡಿನಲ್ಲಿ ಸುಮ್ನೆ 'ಆ' ಹಾಕಿ ಬಿಟ್ಟಿದ್ದೆ, ಯಾರಿಗೆ ಗೊತ್ತಾಗುತ್ತದೆ ಅಂತ. ಎಲ್ಲರಿಗೂ ಗೊತ್ತಾಯಿತು. ಮೋಲಿಙ್ ಅಂದರೆ ಅಳತೆ, ಮಾಲಿಙ್ ಅಂದರೆ ಗೋಡೆಗೆ ಬಳಿಯುವ ಪೇಂಟ್. ಒಂದು ಸೊನ್ನೆ ಬಿಟ್ಟಿದ್ದಕ್ಕೆ ನಾನು ಎರಡು ವರ್ಷದಿಂದ ಅಲ್ಪಸಂಖ್ಯಾತ ವಾಹಕಗಳಿಗೆ ಬಣ್ಣ ಬಳಿಯುವ ಯಂತ್ರದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಅಂತಾಯಿತು. ಸಿರಿಯಾದಿಂದ ಬಂದ ಒಬ್ಬರು ನಿಜವಾಗಿ ಪೇಂಟಿಂಗ್ ಕೆಲಸದವರು. ಯಾವ ಕಂಪನಿಯ ಬಣ್ಣ ಅಂತ ಬಹಳ ಗಂಭೀರವಾಗಿ ಕೇಳಿದರು.

ಆಮೇಲೆ ಪದ ಹೇಳಿದೆ. ಮೇಜಿನ ಕೆಳಗೆ ತೊಡೆ ಮೇಲೆ ಬೆರಳು ಕುಟ್ಟುತ್ತಾ ಏಳು ಗುರು. ಬ್ಯಾರೆಡಿಫುಶೂನ್ಸ್ ಸಲೀಸಾಗಿ ಬಂತು, ಹುಬ್ಬಳ್ಳಿ ಅಣ್ಣನಿಗೆ ನಮಸ್ಕಾರ. ಟೀಚರ್ ಬರ್ಗನ್ ಕಡೆಯವರು. ಅವರು ತಮ್ಮ ಗಂಟಲಿನ ರ್ ನಲ್ಲಿ ಅದನ್ನೇ ತಿರುಗಿ ಹೇಳಿ, "ನೀನು ಹೇಳಿದ್ದು ಪೂರ್ವದವರ ಹಾಗಿದೆ" ಅಂದರು. ಅದು ಹೊಗಳಿಕೆಯೋ ಅಲ್ಲವೋ ಸುಮಾ ಅಕ್ಕನೇ ಹೇಳಬೇಕು.

ಮರುದಿನ ಲ್ಯಾಬಿನಲ್ಲಿ ಪಕ್ಕದ ಮೇಜಿನವನ ಎದುರೂ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಟಿಯಲ್ಲಿದ್ದದ್ದು 'ಒಂದು ಉಪಕರಣ'. ನಮ್ಮಲ್ಲಿರುವುದು 'ಆ ಉಪಕರಣ'. ಕೊನೆಗೆ 'ಎನ್' ಸೇರಿಸಿ ಅಪರತೂರೆನ್ ಅನ್ನಬೇಕು, 62 ಅಕ್ಷರ" ಅಂತ ತಗಾದೆ ತೆಗೆದ. ಅರ್ಧ ಗಂಟೆ ಜಗಳವಾಗಿ ಮೂರು ದಿನದ ಕಾಫಿಗೆ ರಾಜಿಯಾಗಿದೆ.

ಗಡಿಬಿಡಿ_ಗಣಪ

ಎರಡು ಅಕ್ಷರಕ್ಕೆ ನಾಲ್ಕು ದಿನದ ಕಾಫಿ ಹೊಡೆದನಲ್ಲ, ಕಳ್ಳ. ತೊಪ್ಪುಂಕ್ತ್ ಮುರಿದು ತೋರಿಸಿ ಒಂದು ಅಕ್ಷರ ಸಾಲ ಅವನ ತಲೆಗೆ ಕಟ್ಟಿ.